ಅರವತ್ತಕ್ಕೆ ನಡುಗುವ ಜೀಪು

ವೇಗದ ಮುಳ್ಳು ಅರವತ್ತು ಮುಟ್ಟುತ್ತಲೇ ಸ್ಟೇರಿಂಗ್ ಕರೆಮ್ಮನ ಕೈಯಲ್ಲಿ ನಡುಗತೊಡಗಿತು. ಬಿಗಿಯಾಗಿ ಹಿಡಿದಳು, ನಡುಕ ಮೊಣಕೈಗೇರಿತು. ಹಿಂದೆ ಎರಡು ಬೆಂಚುಗಳ ನಡುವೆ ಚಾಪೆಯ ಮೇಲೆ ಮಲಗಿಸಿದ್ದ ಅವಳಪ್ಪ ಹುಲಗಪ್ಪನ ತಲೆ ಅತ್ತಿತ್ತ ಆಡಿತು, ಬೇಡ ಬೇಡ ಎನ್ನುವಂತೆ.

ಹೆಣದ ತಲೆಗೆ ಕೂತಿದ್ದ ಅವನ ಅಕ್ಕ ಶೇಖಮ್ಮ ಅದನ್ನು ಮೊದಲು ಕಂಡಳು. "ಒಲ್ಲೆ ಅಂತಾನವ್ವ ನನ್ನ ತಮ್ಮ. ಆ ಕಡಿ ಬರಾಕ ಒಲ್ಲೆ ಅಂತಾನ."

"ಇಷ್ಟು ವರ್ಷ ಸಾಹುಕಾರನ ಜೀಪು ಓಡಿಸ್ಯಾನ," ಎಂದ ಕಿರಿಯ ತಮ್ಮ ದ್ಯಾವಪ್ಪ. "ಹೆಣ ಆದ್ರೂ ಸೀಟು ಬಿಡವಲ್ಲ ನೋಡಕ್ಕ."

ಗುದ್ದಲಿ ಸಲಿಕೆ ಹಿಡಿದು ಕೂತಿದ್ದ ಕುಣಿ ತೋಡುವವರು ನಗಲಿಲ್ಲ. ಕರೆಮ್ಮ ವೇಗ ಇಳಿಸಿದಳು. ನಲವತ್ತಕ್ಕೆ ನಡುಕ ನಿಂತಿತು, ತಲೆಯೂ ನಿಂತಿತು. ಏರಿಸಿದರೆ ಮತ್ತೆ ಬೇಡ, ಬೇಡ.

ಕೇರಿಯ ಮಸಣ ಒಂದು ಕಾಲಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ನಡುವೆ ಕೆನಾಲ್ ಬಂತು, ಅದರ ಎತ್ತರದ ದಂಡೆ ಆಚೆಯದನ್ನು ಮರೆಮಾಡಿತು. ಸೇತುವೆ ಎದ್ದದ್ದು ಸಾಹುಕಾರನ ಹೊಲದ ಎದುರಿಗೆ; ಅದಕ್ಕೆ ಗೇಟು, ಗೇಟಿಗೆ ಬೀಗ. ಅದರ ಮೇಲೆ ಎತ್ತು ಹಾಯಬಹುದು, ಕೇರಿಯ ಹೆಣ ಹಾಯುವಂತಿಲ್ಲ. ಹಾಗಾಗಿ ಸತ್ತವರು ದೋರನಹಳ್ಳಿ ದಾಟಿ ಹೆದ್ದಾರಿ ಹಿಡಿದು ಸುತ್ತಿ ಬರಬೇಕು. ಅಷ್ಟು ದೂರ ಎರಡು ಸಲ ಹೋಗಲಾಗದೆಂದು ತೋಡುವವರೂ ಹೆಣದ ಜೊತೆಗೇ ಹೋಗುವುದು ರೂಢಿಯಾಗಿತ್ತು. ಹೆಣವಿಲ್ಲದೆ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ.

ಸಾಹುಕಾರ ಕಲಬುರಗಿಗೆ ಹೋಗಿದ್ದ. ಕೇಳಿದೊಡನೆ ಅವನ ಹೆಂಡತಿ ಜೀಪಿನ ಕೀ ಕೊಟ್ಟಿದ್ದಳು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಹುಲಗಪ್ಪ ಕೇಳಿಕೊಂಡದ್ದೂ ಒಂದೇ: ಮಸಣದ ಬನ್ನಿಗಿಡದ ಕಡೆ ಹೆಂಡತಿ ಮಾನಮ್ಮನ ಪಕ್ಕದ ಜಾಗ.

*

ಕರೆಮ್ಮನಿಗೆ ಅಪ್ಪ ಜೀಪು ಕಲಿಸಿದ್ದು ಕೆನಾಲ್ ದಂಡೆಯ ಮೇಲೆ, ಸಾಹುಕಾರ ಊರಲ್ಲಿಲ್ಲದ ದಿನಗಳಲ್ಲಿ. ಜೀಪಿನೊಳಗೆ ಸಾಹುಕಾರನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವವನಿಗೆ ಕೆಳಗಿಳಿದ ಮೇಲೆ ಚಹಾ ಮಾತ್ರ ಗೋಡೆಗೂಡಿನ ಬೇರೆ ಬಟ್ಟಲಲ್ಲಿ. ಆ ಮಾತು ಎತ್ತಿದರೆ ಗಾಡಿಯ ಮಾತು ತೆಗೆಯುತ್ತಿದ್ದ.

"ನಡುಗಿದ್ರ ಹೆದರಬ್ಯಾಡ, ಅದೇನು ಹೇಳಾಕತ್ತದ ಕೇಳು. ಕೈ ನಡುಗಿದ್ರ ಮುಂದಿನ ಗಾಲಿ, ಕುಂಡಿ ನಡುಗಿದ್ರ ಹಿಂದಿಂದು. ಬ್ರೇಕ್ ಒತ್ತಿದಾಗಷ್ಟ ನಡುಗಿದ್ರ ಡ್ರಮ್ಮು. ಓಟಕ್ಕ ನಡುಗಿ ನಿಧಾನಕ್ಕ ನಿಂತ್ರ, ಗಾಲ್ಯಾಗ ಒಂದು ಮಗ್ಗಲಿಗೆ ಭಾರ ಕುಂತದ."

ಮಳೆಗಾಲಕ್ಕೆ ಅಪ್ಪ ಹಾಸಿಗೆ ಹಿಡಿದ. ಜೀಪನ್ನು ಸಾಹುಕಾರನೇ ಓಡಿಸತೊಡಗಿದ. ಅದು ರಸ್ತೆಯಲ್ಲಿ ಹಾದುಹೋದ ಸದ್ದಾದಾಗಲೆಲ್ಲ ಹುಲಗಪ್ಪ ನಿದ್ದೆಯಲ್ಲೇ ಎರಡೂ ಕೈ ಮುಂದೆ ಚಾಚಿ ಏನನ್ನೋ ಹಿಡಿಯುತ್ತಿದ್ದ. ಹಿಡಿದ ಕೈಗಳು ನಡುಗುತ್ತಿದ್ದವು.

*

ಕರೆಮ್ಮ ಬ್ರೇಕ್ ಮೆಲ್ಲಗೆ ಒತ್ತಿ ನೋಡಿದಳು. ನಡುಕ ಹೆಚ್ಚಲಿಲ್ಲ. ಸೀಟು ಸುಮ್ಮನಿತ್ತು. ಜೀಪನ್ನು ಬದಿಗೆ ನಿಲ್ಲಿಸಿ ಮುಂದಿನ ಗಾಲಿಗಳ ನಡುವೆ ತೂರಿದಳು. ಎಡಗಾಲಿಯ ಹೊರಮೈ ತೊಳೆದು ಫಳಫಳ. ಒಳಬದಿಯ ರಿಮ್ಮಿನ ಬಳೆಗೆ ಎರೆಮಣ್ಣು ಮೆತ್ತಿ, ಒಂದೇ ಮಗ್ಗುಲಿಗೆ ಒಣಗಿ ಕಲ್ಲಾಗಿತ್ತು.

ಗುದ್ದಲಿಯ ಕಾವಿನಿಂದ ಕುಟ್ಟಿದಳು. ಹೆಂಟೆ ಕಳಚಿ ಬಿದ್ದು ಒಡೆಯಿತು. ಅದರೊಳಗೆ ಹಸಿರು ಬಳೆಚೂರುಗಳಿದ್ದವು.

ಮುತ್ತೈದೆಯಾಗಿ ಸತ್ತವಳನ್ನು ಕೇರಿಯವರು ಕೈತುಂಬ ಹಸಿರು ಬಳೆ ಇಟ್ಟು ಮಣ್ಣು ಮಾಡುತ್ತಾರೆ. ಮಾನಮ್ಮನಿಗೆ ಬಳೆ ತೊಡಿಸಿದವಳು ಶೇಖಮ್ಮನೇ. ಒಂದು ಚೂರನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದಳು. ಇವು ಎಲ್ಲಿಯವು ಎಂದು ಕೇಳಿದಳು.

ಆಮೇಲೆ ಜೀಪು ಅರವತ್ತಕ್ಕೂ ನಡುಗಲಿಲ್ಲ. ಹೆಣದ ತಲೆ ಅಲುಗಲಿಲ್ಲ. ಆ ಸ್ತಬ್ಧತೆಯಿಂದ ಯಾರಿಗೂ ಸಮಾಧಾನವಾಗಲಿಲ್ಲ.

*

ಮಸಣ ಇರಲಿಲ್ಲ. ಬನ್ನಿಗಿಡದವರೆಗೂ ಭತ್ತದ ಸಸಿ, ಸಾಲು ಹಿಡಿದು ನೆಟ್ಟಿದ್ದು. ಸಸಿಯ ಬುಡದಲ್ಲಿ ಕೆನಾಲ್ ನೀರು. ಒಂದು ದಿಬ್ಬವಿಲ್ಲ, ತಲೆಗಲ್ಲಿಲ್ಲ.

ದಾರಿ ತಪ್ಪಿದೆಯೇನು ಎಂದು ದ್ಯಾವಪ್ಪ ಕೇಳಿದ. ಬನ್ನಿಗಿಡ ನೋಡಿ ಗುರುತು ಹಿಡಿದ. ಆಮೇಲೆ ದನಿ ತಗ್ಗಿಸಿ, "ಕೆನಾಲ್ ದಂಡಿಗೆ ಹೂಳಿ ಹೋಗೂಣವ್ವ. ಸಾಹುಕಾರ ಬಂದ್ರ ಅಣ್ಣನ ಹೆಣಾನ ಹೊರಗ ಒಗಸ್ತಾನ," ಎಂದ.

"ನೀರು ಕುಡಿಸಿ ಕುಡಿಸಿ ನಮ್ಮವ್ವನ್ನ ಭತ್ತ ಮಾಡ್ಯಾನ ಕಾಕಾ," ಎಂದಳು ಕರೆಮ್ಮ. "ಅಪ್ಪ ಇಲ್ಲೇ ಮಲಗ್ತಾನ."

"ನಿಮ್ಮವ್ವ ಎಲ್ಲಿ ಅದಾಳ ಅಂತ ಯಾವ ಗುರ್ತಲೆ ಹುಡಕ್ತಿ?"

ಅವಳು ಗುದ್ದಲಿ ತೆಗೆದುಕೊಂಡಳು. ನೀರು ಒಳಬರುವ ಬಾಯಿಗೆ ಮಣ್ಣು ಜಡಿದಳು. ಕೆಳಗಿನ ಬದು ಕಡಿದಳು. ನೀರು ಹಳ್ಳದ ಕಡೆ ಗೊಳಗೊಳ ಇಳಿಯಿತು. ಎಲ್ಲರೂ ಬದುವಿನ ಮೇಲೆ, ಹೆಣದ ಪಕ್ಕ, ಕಾದರು.

ಭತ್ತದ ಮಡಿ ಬಸಿದು ಕಪ್ಪು ಕೆಸರು ತೋರಿತು. ಅಲ್ಲಲ್ಲಿ ಮಾತ್ರ ನೀರು ಹೋಗಲಿಲ್ಲ. ಮೇಲೆ ಎಷ್ಟು ಸಮ ಮಾಡಿದ್ದರೂ ನೀರುಂಡ ಮಣ್ಣು ಒಳಗೆ ಕುಸಿದಿತ್ತು: ಒಬ್ಬರ ಉದ್ದಕ್ಕೆ, ಒಬ್ಬರ ಅಗಲಕ್ಕೆ. ಒಂದು. ಅದರ ಪಕ್ಕ ಇನ್ನೊಂದು. ಹೊಲದ ತುಂಬ. ನಡುನಡುವೆ ಕೂಸುಗಳ ಅಳತೆಯವು. ಎಲ್ಲದರ ದಿಕ್ಕೂ ಒಂದೇ.

ಕರೆಮ್ಮ ಮೊಣಕಾಲುದ್ದ ಕೆಸರಲ್ಲಿ ಬನ್ನಿಗಿಡದ ಬುಡಕ್ಕೆ ನಡೆದು ಒಂದರ ಮಗ್ಗುಲಲ್ಲಿ ನಿಂತಳು. ಅದರ ಎಡಕ್ಕೆ ಅಪ್ಪ ಕೇಳಿದ್ದ ಜಾಗ ಖಾಲಿಯಿತ್ತು.

"ಇಲ್ಲಿ ತೋಡ್ರಿ."

ಮೊದಲು ಇಳಿದವನು ದ್ಯಾವಪ್ಪ. ಅವನು ಸಸಿ ಕಿತ್ತು ಒಗೆಯುತ್ತಿದ್ದಂತೆ ಶೇಖಮ್ಮ ಬದುವಿನ ಮೇಲೆ ನಿಂತು ಕೈ ಚಾಚಿ, ಕುಸಿದ ಒಂದೊಂದು ಕುಣಿಯನ್ನೂ ಸತ್ತವರ ಹೆಸರು ಹಿಡಿದು ಕರೆಯತೊಡಗಿದಳು. ಹೊತ್ತು ಮುಳುಗಿ ಹೊಲವೆಲ್ಲ ಕಪ್ಪಾಯಿತು. ಮನುಷ್ಯರಳತೆಯ ಆ ನೀರು ಮಾತ್ರ, ಸಾಲಿಗೆ ಸಾಲು, ಇನ್ನೂ ಕೆಂಪಗಿತ್ತು.