ಅಲುಗದೆ ನಿಂತವಳು

ಅತ್ತೆಯ ಬಲಗೈ ಹೆಬ್ಬೆರಳನ್ನು ನೆಟ್ಟಗೆ ಮಾಡಲು ಸೊಸೆ ಹೆಣಗುತ್ತಿದ್ದಳು. ಉಳಿದ ಬೆರಳುಗಳೆಲ್ಲ ಹೇಳಿದ ಮಾತು ಕೇಳಿದ್ದವು. ಹೆಬ್ಬೆರಳು ಮಾತ್ರ ಏನನ್ನೋ ಒತ್ತುತ್ತಿರುವಂತೆ ಡೊಂಕಾಗಿಯೇ ಇತ್ತು.

“ಬಿಡಿ ಅತ್ತಿಗೆ. ಬದುಕಿದ್ದಾಗಲೇ ಯಾರ ಮಾತೂ ಕೇಳದವಳು ಅಮ್ಮ, ಈಗ ಕೇಳ್ತಾಳಾ?” ಎಂದು ನಾದಿನಿ ಅಳುತ್ತಲೇ ನಕ್ಕಳು. ಆಮೇಲೆ ನಕ್ಕಿದ್ದಕ್ಕೆ ಇನ್ನಷ್ಟು ಅತ್ತಳು.

ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕೇಳಿದರು: “ಆಸ್ಪತ್ರೆ ಲಾಂಡ್ರಿಯಲ್ಲಿದ್ರಲ್ಲ, ಆ ಅಮ್ಮನ ಮನೆ ಇದೇನಾ?”

ಸೊಸೆಯ ಕೈ ಅಲ್ಲೇ ನಿಂತಿತು. ಒರಟು ದನಿ, ಮಾತಿನ ಕೊನೆಗೆ ಸ್ವಲ್ಪ ಉಬ್ಬಸ. ನಿನ್ನೆ ಮಧ್ಯಾಹ್ನ ಕೇಳಿದ್ದು ಇದೇ ದನಿ.

ಕಿಟಕಿಯಿಂದ ಬಗ್ಗಿ ನೋಡಿದಳು. ಅತ್ತೆಯ ವಯಸ್ಸಿನ ದಪ್ಪ ಆಳು. ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಯಾರೋ “ಒಳಗೆ ಬನ್ನಿ” ಅಂದರೂ ಬಾರದೆ ಗೇಟಿಗೆ ಆತುಕೊಂಡು ನಿಂತ. ಕೊಂದವನೇ ಹೆಣ ನೋಡಲು ಬಂದು ನಿಲ್ಲುತ್ತಾನೆ ಅನ್ನುತ್ತಾರೆ. ಆ ಮಾತು ನೆನಪಾಗಿ ಅವಳು ಕಿಟಕಿಯಿಂದ ಹಿಂದೆ ಸರಿದಳು.

*

ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಕ್ಕಳಿಬ್ಬರನ್ನು ದಡ ಸೇರಿಸಿದ ಹೆಂಗಸು. ಗಂಡ ಸತ್ತಾಗಲೂ ಯಾರೆದುರೂ ಕೈಚಾಚಿದವಳಲ್ಲ. ಕೆಲಸ ಬಿಟ್ಟ ಮೇಲೆ ಸೊಪ್ಪು ಸೋಸುವುದು, ಟೀವಿ ಧಾರಾವಾಹಿಯ ಖಳನಾಯಕಿಯರನ್ನು ಬೈಯುವುದು, ಸೊಸೆಯ ಸಾರಿಗೆ ಉಪ್ಪು ಜಾಸ್ತಿ ಅನ್ನುವುದು, ಇಷ್ಟೇ ಅವಳ ದಿನಚರಿ. ಮಗ ತನಗೆಂದು ತಂದ ಗೇಮ್ ಕನ್ಸೋಲ್ ಧೂಳು ತಿನ್ನುತ್ತಿತ್ತು. ಹಳೇ ಕಾಲದ ಹೊಡೆದಾಟದ ಆಟವೊಂದು ಬಣ್ಣ ಬಳಿದುಕೊಂಡು ಅದರೊಳಗೆ ಮತ್ತೆ ಬಂದಿದೆ ಎಂದು ಅವನು ಊಟದ ನಡುವೆ ಹೇಳಿದ ದಿನ ಅತ್ತೆಯ ಕಿವಿ ನಿಮಿರಿತು. ಮರುದಿನವೇ ಕನ್ಸೋಲ್ ಅವಳ ಕೋಣೆ ಸೇರಿತು.

ಅಂದಿನಿಂದ ಮಧ್ಯಾಹ್ನವಾದರೆ ಬಾಗಿಲು ಮುಚ್ಚುತ್ತಿತ್ತು. “ಬಾ, ಬಾ, ಇವತ್ತು ನಿನ್ನ ಗ್ರಹಚಾರ ಬಿಡಿಸ್ತೀನಿ” ಎಂದು ಅತ್ತೆಯ ದನಿ. ಅದರ ಹಿಂದೆಯೇ, ಮದುವೆಯಾಗಿ ಬಂದಾಗಿನಿಂದ ಸೊಸೆ ಒಮ್ಮೆಯೂ ಕೇಳದಿದ್ದ ನಗು.

“ಯಾರ ಜೊತೆ ಅತ್ತೆ ಮಾತು?”

“ಆಟದ ಜೊತೆ ಕಣೇ.”

ಆಟಕ್ಕೆ ಬೈದರೆ ಆಟ ತಿರುಗಿ ಬೈಯುತ್ತದೆಯೇ? ಬೈದರೂ ಅದನ್ನು ಕೇಳಿ ಮುದುಕಿಯ ಕೆನ್ನೆ ಕೆಂಪಾಗಬೇಕೇ? ಗಂಡನಿಗೆ ಹೇಳಿದರೆ, “ಅಮ್ಮನ ಮೇಲೂ ಪತ್ತೇದಾರಿಕೆ ಶುರು ಮಾಡಿದ್ಯಾ?” ಎಂದು ನಕ್ಕುಬಿಟ್ಟಿದ್ದ.

ನಿನ್ನೆ ಒಳಗಿಂದ ನಗು ಬರಲಿಲ್ಲ. ಸೊಸೆ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಗುಟ್ಟು ಇವತ್ತಾದರೂ ಹೊರಬೀಳಲಿ ಎಂದು ಉಸಿರು ಬಿಗಿಹಿಡಿದು ಕಾದಳು. ಕೊನೆಗೆ ಬಾಗಿಲು ತಳ್ಳಿದಾಗ ಅತ್ತೆ ಕುರ್ಚಿಗೆ ಒರಗಿದ್ದಳು, ಕಣ್ಣುಗಳು ಅರೆ ತೆರೆದಿದ್ದವು. ಟೀವಿಯಲ್ಲಿ ಇಬ್ಬರು ಜಟ್ಟಿಗಳು ಮುಷ್ಟಿ ಎತ್ತಿ ಎದುರುಬದುರು ನಿಂತು, ಹೊಡೆಯದೆ ಬಡಿಯದೆ, ಸುಮ್ಮನೆ ಎದೆ ಏರಿಳಿಸುತ್ತಿದ್ದರು. ಅತ್ತೆಯ ಕೊರಳಿಗೆ ಜಾರಿದ್ದ ಹೆಡ್‌ಫೋನಿನಿಂದ ಗಂಡಸೊಬ್ಬನ ದನಿ ಬರುತ್ತಿತ್ತು:

“ನಿನ್ನ ನಾಟಕ ನಂಗೊತ್ತು ಕಣೇ. ಎಷ್ಟು ಹೊತ್ತು ಹೀಗಿರ್ತೀಯೋ ಇರು. ನಾನಂತೂ ಹತ್ತಿರ ಬರಲ್ಲ.”

ಹೃದಯ ನಿಂತಿದೆ ಅಂದರು ಡಾಕ್ಟರು. ಹೃದಯ ಸುಮ್ಮನೆ ನಿಂತಿತೋ, ಯಾರಾದರೂ ನಿಲ್ಲಿಸಿದರೋ ಎಂದು ಅವರನ್ನು ಕೇಳುವುದು ಹೇಗೆ? ಸತ್ತವಳ ಮಾನದ ಪ್ರಶ್ನೆ. ಸೊಸೆ ಆ ದನಿಯ ವಿಷಯವನ್ನು ಗಂಡನಿಗೂ ಹೇಳದೆ ನುಂಗಿಕೊಂಡಳು.

*

“ಅದ್ಯಾರೇ ಗೇಟಲ್ಲಿ?” ಮೂಲೆಮನೆ ಅಜ್ಜಿ ಸೊಸೆಯ ಸೆರಗು ಜಗ್ಗಿದಳು. “ಒಳಗೂ ಬರಲ್ಲ, ಹೊರಗೂ ಹೋಗಲ್ಲ. ಪರರ ಮನೆ ಸಾವಿಗೆ ಯಾರಾದ್ರೂ ಹಂಗೆ ಅಳ್ತಾರಾ?”

ಗಂಡನೂ ಹತ್ತಿರ ಬಂದ. “ನಿಂಗೆ ಗುರುತಿದೆಯಾ?”

“ಇಲ್ಲಾರೀ.”

“ಅಮ್ಮಂಗೆ ಏನಾದ್ರೂ…” ಎಂದವನು ಮಾತು ಅರ್ಧಕ್ಕೇ ಬಿಟ್ಟು ಅತ್ತ ತಿರುಗಿದ.

ಸೊಸೆ ಒಂದು ಲೋಟ ನೀರು ಹಿಡಿದು ಗೇಟಿಗೆ ನಡೆದಳು. ನೀರು ಬರೀ ನೆಪ.

“ಅತ್ತೆ ನಿಮಗೇನಾಗಬೇಕು?”

“ಏನೂ ಆಗಬೇಕಿಲ್ಲಮ್ಮ. ನಾನು ಬೇಕರಿಯವನು. ಬೆಳಿಗ್ಗೆ ಆಸ್ಪತ್ರೆ ಕ್ಯಾಂಟೀನಿಗೆ ಬ್ರೆಡ್ ಹಾಕೋಕೆ ಹೋಗಿದ್ದೆ. ನಿಮ್ಮತ್ತೆ ಹೋದ್ರು ಅಂತ ಲಾಂಡ್ರಿಯವರು ಮಾತಾಡ್ಕೊಳ್ತಿದ್ರು. ಅಡ್ರೆಸ್ ಇಸ್ಕೊಂಡು ಬಂದೆ.”

“ಏನೂ ಆಗದವರು ನಿನ್ನೆ ‘ನಿನ್ನ ನಾಟಕ ನಂಗೊತ್ತು’ ಅಂದಿದ್ದು ಯಾರಿಗೆ?”

ಬೇಕರಿಯವನ ಮುಖ ಹಿಟ್ಟಿನಂತೆ ಬಿಳುಚಿತು. “ಅದನ್ನ… ಕೇಳಿಸ್ಕೊಂಡ್ರಾ?”

“ನಾನು ಒಳಗೆ ಹೋದಾಗ ನೀವು ಮಾತಾಡ್ತಾನೇ ಇದ್ರಿ. ಅತ್ತೆ ಉಸಿರು ಆಗಲೇ ಹೋಗಿತ್ತು.”

ಅವನು ಗೇಟಿನ ಸರಳು ಹಿಡಿದುಕೊಂಡ. ಆಮೇಲೆ ನೀರಿನ ಲೋಟವನ್ನು ತಾನಾಗಿಯೇ ಕೇಳಿ ಇಸಿದುಕೊಂಡ. ಕುಡಿಯಲಿಲ್ಲ.

*

ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಾಲದಲ್ಲಿ ವಿಡಿಯೋ ಗೇಮಿನ ಅಂಗಡಿಯಿತ್ತಂತೆ. ಮದುವೆಗೆ ಮುಂಚೆ ಅತ್ತೆ ಅಲ್ಲಿ ಟೋಕನ್ ಕೌಂಟರಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಚಿಲ್ಲರೆ’ ಎಂದೇ. ಗಿರಾಕಿಗಳಿಲ್ಲದಾಗ ಬಂದು ಹೊಡೆದಾಟದ ಆಟಕ್ಕೆ ನಿಲ್ಲುವಳು. ಅವಳ ಪಟ್ಟು ಒಂದೇ: ಆಟದ ನಡುವೆ ಇದ್ದಕ್ಕಿದ್ದಂತೆ ಅಲುಗದೆ ನಿಂತುಬಿಡುವುದು. ಆಟವೇ ಬೇಜಾರಾಯಿತೇನೋ ಎಂಬಂತೆ ಆಕಳಿಸುವುದು. ಎದುರಿನವನು ಗೆದ್ದೆನೆಂದು ಹತ್ತಿರ ಬಂದನೋ, ಎತ್ತಿ ಒಗೆಯುವುದು.

“ಲಾಂಡ್ರಿಗೆ ಹೋಗೋ ಮುಂಚೆನೇ ಒಗೆಯೋದು ಕಲ್ತಿದ್ಳು ನಿಮ್ಮತ್ತೆ,” ಅಂದ ಬೇಕರಿಯವನು. “ನನ್ನಷ್ಟು ಒಗೆಸ್ಕೊಂಡೋರು ಇನ್ನೊಬ್ಬರಿಲ್ಲ.”

ಅಂಗಡಿ ಮುಚ್ಚಿತು. ಇಬ್ಬರೂ ಅವರವರ ದಾರಿ ಹಿಡಿದರು. ಬೇಕರಿಯವನಿಗೆ ನಸುಕಿನಲ್ಲಿ ಕೆಲಸ, ಮಧ್ಯಾಹ್ನ ಬಿಡುವು. ಆ ಆಟ ಹೊಸ ಯಂತ್ರಕ್ಕೆ ಬಂದಿದೆ ಎಂದು ಗೊತ್ತಾಗಿ, ಹೊತ್ತು ಕಳೆಯಲು ಅವನೂ ಒಂದು ಕೊಂಡ. ಪರದೆಯ ಜಟ್ಟಿಗಳ ಮುಖ ಈಗ ನಿಚ್ಚಳ. ಆದರೆ ಬೇರೆ ಮನೆಯಲ್ಲಿ ಕೂತು ನೆಟ್ ಮೂಲಕ ಆಡುವವರು ಹೊಡೆದ ಏಟು ದಾರಿಯಲ್ಲಿ ಒಂದು ಗಳಿಗೆ ನಿಂತು ಬರುತ್ತಿತ್ತು. ಒಂದು ದಿನ ಎದುರಾಳಿ ಅಲುಗದೆ ನಿಂತ. ಹತ್ತಿರ ಹೋದರೆ ಎತ್ತಿ ಒಗೆದ. ತಲೆಯ ಮೇಲಿನ ಹೆಸರು ನೋಡಿದರೆ ‘ಚಿಲ್ಲರೆ’.

“ಹೆಡ್‌ಫೋನಿನ ಮೈಕು ಬಾಯಿ ಹತ್ತಿರ ಎಳ್ಕೊಂಡೆ. ‘ಬಸ್‌ಸ್ಟ್ಯಾಂಡ್ ಹಿಂದಿನ ಚಿಲ್ಲರೆನಾ?’ ಅಂದೆ. ‘ಮೊದ್ಲು ಸೋಲು, ಆಮೇಲೆ ಹೇಳ್ತೀನಿ’ ಅಂದ್ಳು.”

“ಭೇಟಿ ಆಗಲಿಲ್ವಾ?”

“ನಾನು ಕರೆದೆ. ‘ಆಟ ಆಟದಲ್ಲೇ ಇರಲಿ’ ಅಂದ್ಳು. ಆಸ್ಪತ್ರೆ ಲಾಂಡ್ರಿಯಲ್ಲಿದ್ದೆ ಅಂತ ಮಾತ್ರ ಹೇಳಿದ್ಳು.” ಅವನು ಮೂಗು ಒರೆಸಿಕೊಂಡ. “ನಿನ್ನೆ ನಾನು ಗೆಲ್ಲೋದ್ರಲ್ಲಿದ್ದೆ. ನಿಂತುಬಿಟ್ಳು. ನೆಟ್ ಹೋಯ್ತೇನೋ ಅಂದ್ಕೊಂಡೆ. ಇಲ್ಲ, ಇದು ಅದೇ ಹಳೇ ಬಲೆ, ಈ ಸಲ ಬೀಳಬಾರದು ಅಂತ ನಾನೂ ನಿಂತೆ. ಆಟದ ಟೈಮ್ ಮುಗಿಯೋವರೆಗೂ ಅನುಮಾನ ಪಡ್ತಾ ನಿಂತೆನಮ್ಮ. ‘ಹುಷಾರಾಗಿದ್ದೀಯಾ’ ಅಂತ ಒಂದು ಮಾತು ಕೇಳಲಿಲ್ಲ.”

ಸೊಸೆ ಗೇಟನ್ನು ಪೂರ್ತಿ ತೆರೆದಳು. ಬಾಗಿಲಿನ ಈಚೆ ತಾನೂ ಹಾಗೆಯೇ ಅನುಮಾನ ಪಡುತ್ತ ನಿಂತಿದ್ದ ಹೊತ್ತು ನೆನಪಾಯಿತು. “ಒಳಗೆ ಬನ್ನಿ,” ಎಂದಷ್ಟೇ ಅಂದಳು.

*

ಶವವಾಹನ ಬಂದು ನಿಂತಿತು. ಗಾಜಿನ ಮುಚ್ಚಳದ ಶವಪೆಟ್ಟಿಗೆ ಎತ್ತಲು ನಾಲ್ವರು ಬೇಕಿತ್ತು, ಮೂವರು ಸಿಕ್ಕಿದ್ದರು.

“ಇವರು ಹೆಗಲು ಕೊಡ್ತಾರೆ,” ಅಂದಳು ಸೊಸೆ.

ಗಂಡ ಹುಬ್ಬು ಗಂಟಿಕ್ಕಿದ. “ಯಾರಿವರು?”

“ಅತ್ತೆಯ ಸ್ನೇಹಿತರು ರೀ.”

ಮೂಲೆಮನೆ ಅಜ್ಜಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಗಂಡ ಒಂದು ಗಳಿಗೆ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಎಡಗಡೆಯ ಮುಂದಿನ ಹಿಡಿಯತ್ತ ಕೈ ತೋರಿಸಿದ.

ಬೇಕರಿಯವನು ಅಲ್ಲಿಗೆ ಹೋಗಿ ನಿಂತ. ಬಗ್ಗಿದವನು ಹಾಗೆಯೇ ಎದ್ದ.

“ಎಡಗಡೆ ಬೇಡ,” ಅಂದ. “ಯಂತ್ರದ ಮುಂದೆ ಎಡಗಡೆ ಯಾವಾಗ್ಲೂ ಅವಳೇ ನಿಲ್ತಿದ್ದಿದ್ದು. ಯಾರಿಗೂ ಬಿಟ್ಟುಕೊಡ್ತಿರಲಿಲ್ಲ.”

ಯಾರಿಗೂ ಏನೂ ಅರ್ಥವಾಗಲಿಲ್ಲ. ಅವನು ಪೆಟ್ಟಿಗೆಯನ್ನು ಸುತ್ತಿಕೊಂಡು ಬಲಗಡೆಗೆ ಬಂದು, ಅಲ್ಲಿದ್ದ ಅತ್ತೆಯ ಮಗನ ಪಕ್ಕ ಸುಮ್ಮನೆ ನಿಂತ. ಮಗ ತಾಯಿಯ ಮುಖ ನೋಡಿದ, ಆ ಅಪರಿಚಿತನ ಮುಖ ನೋಡಿದ. ಕೊನೆಗೆ ತನ್ನ ಹಿಡಿಯನ್ನು ಅವನಿಗೆ ಬಿಟ್ಟು, ತಾನು ಎಡಗಡೆಗೆ ನಡೆದು ಹೆಗಲು ಕೊಟ್ಟ.