ಗುರುತು ಸಿಗದ ಯಂತ್ರ

ಹದಿನೈದು ವರ್ಷ ಹೇಗೋ ಜೀವ ಹಿಡಿದುಕೊಂಡಿದ್ದ ಹಳೆಯ ಕಂಪ್ಯೂಟರು ಕಳೆದ ವಾರ ಕಣ್ಣುಮುಚ್ಚಿತು. ವಸಂತನಿಗೆ ಯಂತ್ರ ಹೋದದ್ದು ದೊಡ್ಡದಲ್ಲ, ಅದರೊಳಗಿದ್ದ, ಹಳೆಯ ಗೆಳತಿ ಧರಣಿಯ ಮಾತು ಹೋಯಿತಲ್ಲ ಎನ್ನಿಸಿತು. ಓದು ಮುಗಿದ ವರ್ಷ ಅವರಿಬ್ಬರೂ ಗೋಕುಲಂನ ಗೆಳೆಯನೊಬ್ಬನ ಮಹಡಿಯ ಕೋಣೆಯಲ್ಲಿ ಭಾನುವಾರ ಭಾನುವಾರ ಕೂತು, ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಒಂದೊಂದೇ ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಂದಿದ್ದರು. ಕಂಪ್ಯೂಟರು ಆರಿಸುವಾಗ ಕಾಣುವ ಸಾಲಿಗೆ ಧರಣಿ 'ಹೋಗಿಬರುತ್ತೀರಾ?' ಎಂದು ಹಾಕಿದ್ದಳು. ಮುಂದಿನ ಆವೃತ್ತಿಯಲ್ಲಿ ಯಾರೋ ಅದನ್ನು ತೆಗೆದು 'ಸ್ಥಗಿತಗೊಳಿಸು' ಎಂದು ಮಾಡಿದರು. ಅವಳ ಮಾತು ಉಳಿದದ್ದು ವಸಂತನ ಹಳೆಯ ಸೀಡಿಯಲ್ಲಿ, ಅದರಿಂದ ಹಾಕಿಕೊಂಡಿದ್ದ ಆ ಕಂಪ್ಯೂಟರಿನಲ್ಲಿ ಮಾತ್ರ. ಹದಿನೈದು ವರ್ಷವೂ ಪ್ರತಿ ಸಂಜೆ ಆ ಪ್ರಶ್ನೆಗೆ 'ಹೂಂ' ಒತ್ತಿಯೇ ಅವನು ಏಳುತ್ತಿದ್ದದ್ದು.

ಹೊಸ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸೋಣವೆಂದು ಹೋದರೆ, ಉದಯಗಿರಿಯ ರಿಪೇರಿ ಅಂಗಡಿಯ ನಿಂಗಯ್ಯ ಸೀಡಿಯನ್ನು ಬೆಳಕಿಗೆ ಹಿಡಿದು ನಕ್ಕ.

"ಏನ್ ಸಾರ್, ಹೊಸ ಕಾರಿಗೆ ಎತ್ತು ಕಟ್ಟು ಅಂತೀರಲ್ಲ! ಈ ಲ್ಯಾಪ್‌ಟಾಪಿಗೆ ಸೀಡಿ ನುಂಗೋಕೆ ಬಾಯೇ ಇಲ್ಲ."

"ಪೆನ್‌ಡ್ರೈವಿಗೆ ಹಾಕ್ಕೊಡಿ ನಿಂಗಯ್ಯ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಹಾಕ್ಕೊಡ್ತೀನಿ ಬುಡಿ. ವೈಫೈ ಬರಲ್ಲ, ಸೌಂಡ್ ಬರಲ್ಲ. ಮಾತಿಲ್ಲ ಕತೆಯಿಲ್ಲ, ಸುಮ್ನೆ ಕೂತಿರ್ತದೆ. ಆಮೇಲೆ ನನ್ನ ಬೈಬ್ಯಾಡಿ ಕಣ್ರೀ."

"ಅದು ಅಭ್ಯಾಸ ಇದೆ," ಎಂದ ವಸಂತ.

ಭಾನುವಾರ ಬೆಳಿಗ್ಗೆ ರಾಜೀವನಗರದ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ. ಮೊದಲ ಸಲ ಪರದೆ ಪೂರ್ತಿ ಕಪ್ಪಾಯಿತು. ಎರಡನೆಯ ಸಲ ಅರ್ಧಕ್ಕೇ ನಿಂತಿತು. ಮೂರನೆಯ ಸಲ ಹಾಕಿ ಕಾಯುತ್ತಿದ್ದಾಗ ಆ ಕೊನೆಯ ಭಾನುವಾರ ನೆನಪಾಯಿತು.

"ಮುಂದಿನ ವಾರದಿಂದ ನಾನು ಬರಲ್ಲ ಕಣೋ," ಎಂದಿದ್ದಳು ಧರಣಿ. "ಏನಾದ್ರೂ ಹೇಳೋದಿದ್ಯಾ?"

ಹೇಳುವುದು ಬೆಟ್ಟದಷ್ಟಿತ್ತು. "ತಪ್ಪು ತೋರಿಸೋ ಸಾಲುಗಳು ಇನ್ನೂ ಬಾಕಿ ಇವೆ," ಎಂದಿದ್ದ ಅವನು.

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದಳು. "ಅವನ್ನ ನಿನ್ನೆನೇ ಮುಗಿಸ್ದೆ. ಗುರುತು ಪರಿಚಯ ಇಲ್ಲದ ಕಂಪ್ಯೂಟರಲ್ಲಿ ಮಾತ್ರ ಅವು ಕಾಣೋದು. ನೀನೆಲ್ಲಿ ನೋಡ್ತೀಯ ಬುಡು."

ಆಮೇಲೆ ಅವಳು ಎಲ್ಲಿಗೆ ಹೋದಳೆಂದು ಅವನು ಯಾರನ್ನೂ ಕೇಳಲಿಲ್ಲ.

ಪರದೆ ಒಮ್ಮೆ ಮಿಣುಕಿತು. ಅವನು ಎಂದೂ ಕಂಡಿರದ ಸಾಲೊಂದು ದೊಡ್ಡ ಒರಟು ಅಕ್ಷರಗಳಲ್ಲಿ ಮೂಡಿತು:

'ಗುರುತು ಸಿಗಲಿಲ್ಲ. ಆದರೂ ಕಾಯುತ್ತಿದ್ದೇನೆ, ಏನಾದರೂ ಹೇಳಿ.'

ಕೆಳಗೆ ಸಣ್ಣ ಗೆರೆಯೊಂದು ಮಿನುಗುತ್ತಿತ್ತು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ವಸಂತ ಕೀಲಿಗಳ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟು, ಇಂಗ್ಲಿಷ್ ಅಕ್ಷರಗಳಲ್ಲೇ ಅವಳ ಹೆಸರು ಒತ್ತಿದ. ಮತ್ತೆ ಅದೇ ಸಾಲು ಮೂಡಿತು:

'ಗುರುತು ಸಿಗಲಿಲ್ಲ. ಆದರೂ ಕಾಯುತ್ತಿದ್ದೇನೆ, ಏನಾದರೂ ಹೇಳಿ.'

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅಂದು ಹೇಳದೆ ಬಿಟ್ಟದ್ದನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದ.