ಒಬ್ಬಳೇ ಹತ್ತಿಸುವ ಹಾಗೆ

ನಿನ್ನೆ ಬೆಸೆದದ್ದನ್ನು ಮೇಸ್ತ್ರಿ ಇವತ್ತು ಮತ್ತೆ ಕತ್ತರಿಸುತ್ತಿದ್ದ. ಗ್ರೈಂಡರಿನ ಕಿಡಿಗಳು ಪಿಕಪ್ಪಿನ ಹಿಂದಿನ ಚಕ್ರದವರೆಗೂ ಹಾರಿ ನೆಲದ ಮೇಲೆ ಆರುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅವನ ತಾಯಿ, ಸದ್ದು ನಿಲ್ಲುವುದನ್ನೇ ಕಾದಿದ್ದು ಬಾಯಿ ತೆರೆದಳು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಮ್ಮನೇಲಿ ಕುಂಬಾರನೂ ನೀನೇ, ದೊಣ್ಣೆನೂ ನೀನೇ."

"ಒಂದು ಬೆರಳು ವಾರೆ ಇತ್ತಮ್ಮ."

"ಮೊನ್ನೇನೂ ಅದನ್ನೇ ಅಂದೆ. ವಾರೆ ಇರೋದು ಕಬ್ಬಿಣಾನೋ, ನಿನ್ನ ತಲೇನೋ?"

ಮೇಸ್ತ್ರಿ ಪೈಪಿನ ಮೇಲೆ ಮತ್ತೆ ಗೆರೆ ಎಳೆದ. ಊರಿನ ಅರ್ಧ ಮನೆಗಳ ಗೇಟು, ಕಿಟಕಿಯ ಸರಳು, ಮಹಡಿಯ ಕಟಕಟೆ ಅವನ ಕೈಯವೇ. ಎಂಥ ಗೇಟನ್ನಾದರೂ ಹಿಡಿದ ವಾರದೊಳಗೆ ನಿಲ್ಲಿಸಿ ಬರುವ ಮನುಷ್ಯ, ಪಿಕಪ್ಪಿನ ಮೇಲೆ ಎರಡು ಜೆಟ್ ಸ್ಕೀ ಕೂರಿಸುವ ಒಂದು ಚೌಕಟ್ಟಿಗೆ ಇಷ್ಟು ದಿನ ತಿಣುಕುವುದನ್ನು ಕಂಡು ಎದುರಿನ ಪಂಕ್ಚರ್ ಅಂಗಡಿಯವನಿಗೂ ನಗು. ನಗುವುದಕ್ಕೆ ಅವನಿಗೆ ಹಳೆಯ ಕಾರಣವೂ ಒಂದಿತ್ತು: ಊರಿಗೆಲ್ಲ ಗೇಟು ಹಾಕಿದವನ ಸ್ವಂತ ಅಂಗಳಕ್ಕೆ ಗೇಟಿರಲಿಲ್ಲ. ಎರಡು ಕಲ್ಲುಕಂಬದ ನಡುವೆ ದಪ್ಪನೆಯ ನೀಲಿ ನೈಲಾನ್ ಹಗ್ಗವನ್ನು ಎರಡು ಎಳೆ ಮಾಡಿ ಕಟ್ಟಿತ್ತು, ಅಷ್ಟೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ "ನಾಳೆ ಮಾಡ್ತೀನಿ" ಎಂದಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ.

ಕೆಲಸವೇನೂ ಸುಲಭದ್ದಲ್ಲ, ಅದನ್ನೂ ಹೇಳಬೇಕು. ಜೆಟ್ ಸ್ಕೀ ಎಂದರೆ ನೀರಿನ ಮೇಲೆ ಓಡಿಸುವ ಸ್ಕೂಟರು. ನೀರಲ್ಲಿ ಹಗುರ, ನೆಲದ ಮೇಲೆ ಬಂಡೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಪಿಕಪ್ಪಿನ ತೊಟ್ಟಿಯೊಳಗೆ ಹಿಡಿಸುವುದಿಲ್ಲ. ಹಾಗಾಗಿ ತೊಟ್ಟಿಯ ಗೋಡೆಗಳಿಗಿಂತ ಎತ್ತರಕ್ಕೆ ಚೌಕ ಪೈಪಿನಲ್ಲಿ ಒಂದು ಮಂಚ ಮಾಡಿದ್ದ. ಅದರ ಮೇಲೆ ಹಳೆ ಜಮಖಾನ ಸುತ್ತಿದ ಮರದ ಪಟ್ಟಿಗಳು. ಹಿಂದೆ, ನೆಲದಿಂದ ಎಳೆದು ಹತ್ತಿಸಲು ಉರುಳೆಗಳಿರುವ ಇಳಿಜಾರು ಏಣಿ. ಮುಂದೆ, ಚಾಲಕನ ಸೀಟಿನ ಬೆನ್ನ ಹಿಂದೆ, ಉಕ್ಕಿನ ಹಗ್ಗ ಸುತ್ತಿಕೊಳ್ಳುವ ಕೈ ವಿಂಚು. ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಆ ಎರಡು ಯಂತ್ರಗಳಿಗೆ ತಾಯಿ ಎಮ್ಮೆಗಳು ಎಂದೇ ಹೆಸರಿಟ್ಟಿದ್ದಳು. ಹಾಲು ಕೊಡಲ್ಲ, ಸಗಣಿ ಹಾಕಲ್ಲ, ಪೆಟ್ರೋಲ್ ಮಾತ್ರ ಕುಡೀತಾವೆ ಎಂಬುದು ಅವಳ ದೂರು.

ಎಮ್ಮೆಗಳ ಒಡತಿ ಅವನ ಹೆಂಡತಿ. ಬೀದಿಯ ಕೊನೆಯ ಕೆರೆಯಲ್ಲಿ ಅವಳು ಜನರನ್ನು ಹಿಂದೆ ಕೂರಿಸಿಕೊಂಡು ಸುತ್ತು ಹೊಡೆಸುತ್ತಿದ್ದಳು, ಆಸೆಪಟ್ಟವರಿಗೆ ಓಡಿಸಲು ಕಲಿಸುತ್ತಿದ್ದಳು. ಮೇಸ್ತ್ರಿಗೆ ಈಜು ಬಾರದು. ಪಾದ ಮುಳುಗುವಷ್ಟು ನೀರೆಂದರೆ ಅವನ ಪಾಲಿಗೆ ಸಮುದ್ರ. ಆದರೂ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಚಕ್ರದ ಗಾಡಿಯ ಮೇಲೆ ಸ್ಕೀಗಳನ್ನು ಒಂದೊಂದಾಗಿ ಇಳಿಜಾರು ಬೀದಿಯಲ್ಲಿ ಇಳಿಸುವುದಕ್ಕೆ ಅವನು ಬೇಕಿತ್ತು. ಮುಂದೆ ದಾರಿ ನೋಡುತ್ತ ಅವಳು, ಹಿಂದೆ ಹಗ್ಗ ಹಿಡಿದು ಜಗ್ಗುತ್ತ ಅವನು. ಗಾಡಿ ಓಡಿಹೋಗಿ ಅವಳ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ.

ಆ ಕೆರೆಗೆ ಹೋದ ವರ್ಷ ಬೇಲಿ ಬಂತು. ದಡ ಕುಸಿಯುತ್ತಿದೆ ಎಂದು ಈಜು, ಸವಾರಿ ಎಲ್ಲ ಬಂದ್ ಆಯಿತು. ಬೇಲಿಗೊಂದು ಗೇಟು ಬೇಕಾಯಿತು, ಗೇಟೆಂದರೆ ಮೇಸ್ತ್ರಿ. ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು, ಹೆಂಡತಿಯೆದುರು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡುಬಿಟ್ಟ. ಗೇಟು ನಿಂತ ಮೇಲೆ ಅವಳು ಬೆಸುಗೆಯ ಗುರುತು ನೋಡಿಯೇ ಯಾರ ಕೈಯೆಂದು ಹಿಡಿದಳು. ರಾತ್ರಿ ಊಟಕ್ಕೆ ಬಡಿಸುತ್ತ, "ನೀವು ಮಾಡಿದ ಗೇಟು ತುಂಬಾ ಗಟ್ಟಿಯಾಗಿದೆ ರೀ. ಅಲ್ಲಾಡಿಸಿ ನೋಡ್ದೆ" ಎಂದಳು. ಜಗಳವಾಡಿದ್ದರೆ ವಾರದಲ್ಲಿ ಮುಗಿಯುತ್ತಿತ್ತು. ಈ ಮಾತು ಮುಗಿಯಲಿಲ್ಲ, ತುತ್ತಿನಲ್ಲಿ ಸಿಕ್ಕಿದ ಕಲ್ಲಿನ ಹಾಗೆ ಉಳಿದುಕೊಂಡಿತು.

ಈಗ ಅರ್ಧ ದಿನದ ದಾರಿಯ ಒಂದು ದೊಡ್ಡ ಸರೋವರದಲ್ಲಿ ಅವಳಿಗೆ ಬೇಸಿಗೆಯ ಮಟ್ಟಿಗೆ ಸವಾರಿ ನಡೆಸಲು ಜಾಗ ಸಿಕ್ಕಿತ್ತು. ಸಂಜೆಯಾದರೆ ದಡದಲ್ಲಿ ಏನನ್ನೂ ಬಿಡುವಂತಿಲ್ಲ. ದಿನಾ ಇಳಿಸಬೇಕು, ದಿನಾ ಹತ್ತಿಸಬೇಕು.

"ನಾನೊಬ್ಬಳೇ ಹತ್ತಿಸೋ ಹಾಗಿರ್ಬೇಕು" ಎಂದಿದ್ದಳು. "ಅಲ್ಲಿ ಯಾರ್ಯಾರನ್ನೋ 'ಸ್ವಲ್ಪ ಕೈ ಹಾಕಿ' ಅಂತ ಕರೆಯೋಕೆ ನನಗಿಷ್ಟ ಇಲ್ಲ."

ನಾನು ಬರಲಾ ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಟದ್ದು ಬೇರೆ. "ಅಂಗಡಿ ಬಿಟ್ಟು ನಾನೆಲ್ಲಿ ಬರೋಕಾಗುತ್ತೆ?"

"ಕರೆದ್ನಾ?" ಎಂದಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತ ಗಾದೆ. ಈ ಮನೆಯಲ್ಲಿ ನೀರಿಗೆಳೆಯುವವಳು ಯಾರೆಂದು ಹೇಳಬೇಕಾಗಿಲ್ಲ. ಏರಿಗೆಳೆಯುವವನು ಮಾತ್ರ ಏರಿಯ ಮೇಲೆ ತನಗೇನು ಕೆಲಸ ಎಂದು ಯೋಚಿಸಿದವನಲ್ಲ.

ಅಷ್ಟಾದರೂ ಸುಮ್ಮನಿರುತ್ತಿದ್ದನೋ ಏನೋ. ಆದರೆ ಹಿಂದಿನ ವಾರ ಅಳತೆ ಟೇಪು ಹುಡುಕುತ್ತ ಕೋಣೆಗೆ ಹೋದಾಗ ಅವಳ ಚೀಲ ಕಣ್ಣಿಗೆ ಬಿತ್ತು. ತೆಳು ಬಟ್ಟೆಗಳ ಮೇಲೆ, ಮಡಿಸಿಟ್ಟ ದಪ್ಪ ಉಣ್ಣೆಯ ಕಂಬಳಿ. ಇಬ್ಬರೂ ಚಳಿಗಾಲದಲ್ಲಿ ಹೊದೆಯುತ್ತಿದ್ದದ್ದು. ಬೇಸಿಗೆಗೆ ಹೋಗುವವಳಿಗೆ ಕಂಬಳಿ ಯಾಕೆ? ಚಳಿಗಾಲಕ್ಕೂ ಅಲ್ಲೇ ಇರುವವರಿಗೆ ತಾನೇ ಕಂಬಳಿ ಬೇಕು? ಕೇಳಲು ಧೈರ್ಯ ಸಾಲಲಿಲ್ಲ. ಅಂದಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಪಿಕಪ್ಪಿನ ಸುತ್ತ ತಿರುಗುತ್ತಿದ್ದ. ಬೋಲ್ಟು ಬಿಗಿದು ಸಡಿಲಿಸುವುದು, ನೆಟ್ಟಗಿದ್ದದ್ದನ್ನು ವಾರೆ ಎನ್ನುವುದು, ಕತ್ತರಿಸಿದ್ದನ್ನು ಮತ್ತೆ ಬೆಸೆಯುವುದು. ಇದು ಮುಗಿದರೆ ಅವಳು ಹೊರಡುತ್ತಾಳೆ. ಅವನ ಭಯ ಇಷ್ಟೇ ಇತ್ತು. ಅದನ್ನು ತನಗೇ ಹೇಳಿಕೊಳ್ಳಲು ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ.

ಗ್ರೈಂಡರ್ ನಿಂತದ್ದು ಕೇಳಿ ಅವಳು ಒಳಗಿಂದ ಬಂದಳು. ಕೈಯಲ್ಲಿ ಟೀ ಲೋಟ.

"ಇವತ್ತು ಮುಗಿಯುತ್ತಾ?"

"ಮುಗೀತು ಅಂದ್ಕೋ."

"ಅಂದ್ಕೊಂಡು ಅಂದ್ಕೊಂಡೇ ಬೇಸಿಗೆ ಬಂತು. ನಾಳೆ ಬೆಳಿಗ್ಗೆ ನಾನು ಹೊರಡ್ಲೇಬೇಕು ರೀ."

ಮಧ್ಯಾಹ್ನದ ಹೊತ್ತಿಗೆ ಕತ್ತರಿಸಲು ಇನ್ನೇನೂ ಉಳಿಯಲಿಲ್ಲ. ಏಣಿಯ ತುದಿಗೆ ಮೊದಲ ಸ್ಕೀಯನ್ನು ತಂದು ನಿಲ್ಲಿಸಿದರು. ಅವಳು ತೊಟ್ಟಿಗೆ ಹತ್ತಿ ವಿಂಚಿನ ಹಿಡಿ ಹಿಡಿದಳು. ಅವನು ಹಿಂದೆ ಹೋಗಿ, ಸ್ಕೀಯ ಬಾಲದ ಬಳೆಗೆ ಒಂದು ತುಂಡು ಹಗ್ಗ ಪೋಣಿಸಿ ಕೈಗೆ ಸುತ್ತಿಕೊಂಡ.

"ತಿರುಗಿಸು."

ವಿಂಚು ಕಟಕಟ ಎಂದಿತು. ಎಮ್ಮೆ ಉರುಳೆಗಳ ಮೇಲೆ ಮೂತಿ ಎತ್ತಿಕೊಂಡು ಹತ್ತತೊಡಗಿತು. ಏಣಿಯ ಮೇಲ್ತುದಿಯಲ್ಲಿ ಅರ್ಧ ಮೈ ದಾಟಿದ ಕೂಡಲೇ ಹಿಂದಿನಿಂದ ಹಿಡಿದುಕೊಳ್ಳದಿದ್ದರೆ ಮೂತಿ ಧಡ್ಡನೆ ಮಂಚಕ್ಕೆ ಬಡಿಯುತ್ತದೆ. ಅವನು ಹಗ್ಗ ಜಗ್ಗಿ ಹಿಡಿದ. "ತಡಿ" ಎಂದ. "ಹೂಂ, ಬಿಡಿ" ಎಂದಳು ಅವಳು. ಅವನು ಇಂಚಿಂಚೇ ಬಿಟ್ಟ, ಅವಳು ಇಂಚಿಂಚೇ ಎಳೆದಳು. ಮಗುವನ್ನು ಮಲಗಿಸಿದ ಹಾಗೆ ಅದು ಜಮಖಾನದ ಮೇಲೆ ಒರಗಿತು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮೇಸ್ತ್ರಿಯ ಎದೆ ಹಗುರಾಯಿತು. ನಾಳೆ ಏನೆಂಬುದೂ ಆ ಕ್ಷಣಕ್ಕೆ ಮರೆತಿತ್ತು.

"ಎಮ್ಮೆ ಅಟ್ಟ ಹತ್ತಿತು!" ಎಂದು ತಾಯಿ ಮೆಟ್ಟಿಲ ಮೇಲಿಂದ ಕೂಗಿದಳು.

ಹೆಂಡತಿ ಕೆಳಗಿಳಿದು ಹಿಂದಕ್ಕೆ ಬಂದಳು. ನಗು ಇನ್ನೂ ಮುಖದಲ್ಲಿತ್ತು. ಅವನ ಕೈ ನೋಡಿದ ಮೇಲೆ ಅದು ನಿಧಾನವಾಗಿ ಇಳಿಯಿತು.

"ಇಲ್ಲಿ ಹಗ್ಗ ಹಿಡಿಯೋರು ಯಾರು?"

"ಯಾವ ಹಗ್ಗ?"

"ನಿಮ್ಮ ಕೈಲಿರೋದು."

ಮೇಸ್ತ್ರಿ ತನ್ನ ಕೈಯನ್ನೇ ನೋಡಿಕೊಂಡ. ಪೈಪಿನ ದಪ್ಪ, ಕಾಲಿನ ಎತ್ತರ, ಏಣಿಯ ಇಳಿಜಾರು ಎಲ್ಲ ನೂರು ಸಲ ಯೋಚಿಸಿದ್ದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಳಿಸಿದ್ದ. ಬಾಲದ ಕಡೆ ಯಾರೂ ಇರುವುದಿಲ್ಲ ಎಂಬುದು ಮಾತ್ರ ಒಂದು ಸಲವೂ ಹೊಳೆದಿರಲಿಲ್ಲ.

"ಬೇಕೂಂತ ಮಾಡಿದ್ರಾ?"

"ಇಲ್ಲ ಕಣೆ. ನಿನ್ನಾಣೆ, ಗೊತ್ತೇ ಆಗ್ಲಿಲ್ಲ."

ಅವಳು ಹಗ್ಗದ ತುದಿ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ, "ಇಷ್ಟು ದಿನ ಅಳತೆ ತಗೊಂಡ್ರಲ್ಲ, ನಿಮ್ಮನ್ನೂ ಸೇರಿಸಿ ತಗೊಂಡ್ಬಿಟ್ರಾ?" ಎಂದಳು. ಗದರಿದ್ದಲ್ಲ, ಅಣಕಿಸಿದ್ದೂ ಅಲ್ಲ. ಆ ದನಿ ಯಾವುದೆಂದು ಅವನಿಗೆ ತಿಳಿಯಲಿಲ್ಲ.

"ಅದಕ್ಕೇನೀಗ?" ತಾಯಿ ಎದ್ದು ನಿಂತಿದ್ದಳು. "ನೀನೂ ಜೊತೆಗೆ ಹೋಗೋ. ನನ್ನ ಮಂಡಿ ನಾನು ನೋಡ್ಕೋತೀನಿ, ನಿನ್ನ ಅಂಗಡೀನ ಬೀದಿನಾಯಿ ನೋಡ್ಕೊಳ್ಳುತ್ತೆ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಸ್ಕೀ ನೋಡುತ್ತಿದ್ದಳು. ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು! ಹೂಂ ಅಂದರೆ ಅವಳು ಬೇಡವೆನ್ನಲಾರಳು, ಯಾಕೆಂದರೆ ಬೇಡವೆಂದರೆ ಎಮ್ಮೆ ಹತ್ತುವುದಿಲ್ಲ. ಹಾಗೆ ಅನ್ನಿಸಿದ ಕೂಡಲೇ ಅವನಿಗೆ ಕೆರೆಯ ದಡದಲ್ಲಿ ತಾನೇ ನಿಲ್ಲಿಸಿದ ಗೇಟು ನೆನಪಾಯಿತು. ಅವಳ ದಾರಿಗೆ ಅಡ್ಡವಾಗಿ ಇನ್ನೊಂದು ಮಾಡುವುದು ಅವನಿಂದ ಆಗಲಿಲ್ಲ.

"ಅರ್ಧ ಗಂಟೆ ಕೊಡು" ಎಂದ.

ಏಣಿಯ ಬುಡಕ್ಕೊಂದು, ಚೌಕಟ್ಟಿನ ಪಕ್ಕದ ಕಾಲಿಗೊಂದು ರಾಟೆ ಬೆಸೆದ. ಬಾಲದ ಹಗ್ಗ ಆ ಎರಡು ರಾಟೆ ಹಾಯ್ದು ಮುಂದಕ್ಕೆ ಬಂದು, ವಿಂಚಿನ ಪಕ್ಕದ ಗೂಟಕ್ಕೆ ಸುತ್ತು ಹಾಕಿಕೊಳ್ಳಬೇಕು. ಆಗ ಬಲಗೈಯಲ್ಲಿ ವಿಂಚು, ಎಡಗೈಯಲ್ಲಿ ಬಾಲ. ಇದಕ್ಕೆ ಉದ್ದನೆಯ ಹಗ್ಗ ಬೇಕಿತ್ತು. ಅವನು ಅಂಗಳ ದಾಟಿ ಹೋಗಿ, ಕಲ್ಲುಕಂಬಗಳ ನೀಲಿ ಹಗ್ಗದ ಗಂಟು ಬಿಚ್ಚತೊಡಗಿದ. ವರ್ಷಗಳ ಗಂಟು, ಉಗುರಿಗೆ ಬಗ್ಗಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಬಿಡಿಸಿದ.

"ಇದು ನಮ್ಮ ಬಾಗಿಲ ಹಗ್ಗ ಅಲ್ವಾ?" ಎಂದಳು ಅವಳು.

"ಬೇರೆ ಸಿಗ್ಲಿಲ್ಲ."

ಅಂಗಡಿಯ ಗೋಡೆಯ ಮೊಳೆಯಲ್ಲಿ ಹೊಸ ಹಗ್ಗದ ಸುರುಳಿ, ಮೇಲಿನ ಕಾಗದವನ್ನೂ ಬಿಚ್ಚದೆ, ನೇತಾಡುತ್ತಿತ್ತು. ಅವಳ ಕಣ್ಣು ಅದರ ಮೇಲೆ ಹೋಗಿ, ಅವನ ಮೇಲೆ ಬಂದು, ನೀಲಿ ಹಗ್ಗದ ಮೇಲೆ ನಿಂತಿತು.

ಮೊದಲಿನದನ್ನು ಇಳಿಸಿ, ಈ ಸಲ ಎರಡನ್ನೂ ಅವಳೊಬ್ಬಳೇ ಹತ್ತಿಸಿದಳು. ಮೇಸ್ತ್ರಿ ದೂರ ನಿಂತಿದ್ದ. ಮೂತಿ ಓಲುವ ಹೊತ್ತಿಗೆ ಅವನ ಕೈಗಳು ತಾವಾಗಿ ಮುಂದೆ ಹೋದವು. ಅವನ್ನು ಹಿಂದಕ್ಕೆ ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡ. ಹಗ್ಗ ಗೂಟದ ಮೇಲೆ ಜಾರುತ್ತ ಜಾರುತ್ತ, ಎರಡನೆಯದೂ ಸದ್ದಿಲ್ಲದೆ ಒರಗಿತು.

"ಒಬ್ಬಳೇ ಆಗುತ್ತೆ" ಎಂದಳು ಅವಳು, ಬೆವರೊರೆಸಿಕೊಳ್ಳುತ್ತ.

"ಆಗುತ್ತೆ" ಎಂದ ಅವನು. ಅವನು ಮಾಡಿದ ಕೆಲಸಗಳಲ್ಲೇ ಇದು ಚೆನ್ನಾದದ್ದು, ಅವನಿಗದು ಗೊತ್ತಿತ್ತು. ಖುಷಿ ಮಾತ್ರ ಆಗಲಿಲ್ಲ.

ಬೆಳಿಗ್ಗೆ ಸ್ಕೀಗಳಿಗೆ ಬೆಲ್ಟು ಬಿಗಿದು ಹೊರಡುವ ಮುನ್ನ ಅವಳು ಪಿಕಪ್ಪಿಗೆ ಒಂದು ಸುತ್ತು ಬಂದಳು. ಎಡಗಡೆಯ ಸ್ಕೀ ಒಂದು ಕಡೆ ಪೈಪಿಗೆ ತಾಗುತ್ತಿತ್ತು. "ಇಲ್ಲಿ ಉಜ್ಜುತ್ತೆ" ಎಂದಳು. ಮೇಸ್ತ್ರಿ ಗ್ರೈಂಡರ್ ಕಡೆ ಹೊರಟ. "ಅಯ್ಯೋ, ಮತ್ತೆ ಅದನ್ನ ಮುಟ್ಬೇಡಿ" ಎನ್ನುತ್ತ ಅವಳು ಸೀಟಿನ ಮೇಲಿದ್ದ ಚೀಲ ತೆರೆದು, ಉಣ್ಣೆಯ ಕಂಬಳಿ ಹೊರಗೆಳೆದು, ನಾಲ್ಕು ಮಡಿಕೆ ಮಾಡಿ ಸ್ಕೀಗೂ ಪೈಪಿಗೂ ನಡುವೆ ತುರುಕಿದಳು.

"ಏನೇ ಅದು, ಅಷ್ಟು ಒಳ್ಳೆ ಕಂಬಳಿ!" ತಾಯಿ ಬಾಯಿ ಬಡಿದುಕೊಂಡಳು. "ಎಣ್ಣೆ, ಧೂಳು, ತುಕ್ಕು!"

"ಚಳಿಗಾಲಕ್ಕೆ ಮುಂಚೆ ಒಗೆದ್ರಾಯ್ತು ಬಿಡಿ ಅತ್ತೆ. ಒಣಗೋಕೆ ಇಲ್ಲಿ ಬಿಸಿಲಿಗೇನು ಬರ."

ಹೇಳಿದ್ದು ಅತ್ತೆಗೆ. ಮೇಸ್ತ್ರಿ ಮುಖ ಆ ಕಡೆ ತಿರುಗಿಸಿ, ಆಗಲೇ ಬಿಗಿದಿದ್ದ ಬೋಲ್ಟನ್ನು ಮತ್ತೊಮ್ಮೆ ಬಿಗಿದ. ಸ್ಪ್ಯಾನರ್ ಎರಡು ಸಲ ಜಾರಿತು.

"ಹಗ್ಗ ಒದ್ದೆ ಇರೋವಾಗ ಗಂಟು ಬಿಗೀಬೇಡ" ಎಂದ, ಅವಳು ಗಾಡಿ ಶುರುಮಾಡಿದ ಮೇಲೆ. "ಆಮೇಲೆ ಬಿಚ್ಚೋಕಾಗಲ್ಲ."

"ಗೊತ್ತು ರೀ."

ಪಿಕಪ್ಪು ಎರಡು ಕಂಬಗಳ ನಡುವೆ ನಿಲ್ಲದೆ ಹಾದುಹೋಯಿತು. ಅದಕ್ಕೆ ಅಡ್ಡಹಗ್ಗ ಬಿಚ್ಚಿಕೊಡಲು ಯಾರೂ ಓಡಬೇಕಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ಎಮ್ಮೆಗಳ ಬಾಲ, ನೀಲಿ ಹಗ್ಗದ ತುದಿ ಒಂದು ಕ್ಷಣ ಕಂಡು ಮರೆಯಾದವು.

"ಮೇಸ್ತ್ರೀ, ಈಗಾದ್ರೂ ಒಂದು ಗೇಟು ಹಾಕ್ಕೊಳ್ಳಿ" ಎಂದ ಪಂಕ್ಚರ್ ಅಂಗಡಿಯವನು ಆಚೆಯಿಂದ. ಮೇಸ್ತ್ರಿ ಕೈ ಬೀಸಿದ.

ಸಂಜೆ ತಾಯಿ ಮತ್ತೆ ಮೆಟ್ಟಿಲಿಗೆ ಬಂದು ಕೂತಳು. "ನಾಯಿ ನರಿ ಎಲ್ಲ ಒಳಗೆ ನುಗ್ತಾವೆ. ಮೊಳೆ ಮೇಲೆ ಹೊಸ ಹಗ್ಗ ಇದೆಯಲ್ಲೋ, ತಂದು ಕಟ್ಟಬಾರ್ದಾ?"

"ಇರ್ಲಿ ಬಿಡಮ್ಮ" ಎಂದ.

ಅಂಗಡಿಯ ಹಳೆ ಸ್ಪೀಕರಿನಿಂದ ಕಿತ್ತಿಟ್ಟುಕೊಂಡಿದ್ದ ಅಯಸ್ಕಾಂತ ಹಿಡಿದು ಅವನು ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಇಷ್ಟು ದಿನ ಕತ್ತರಿಸಿ ಬೆಸೆದು ಚೆಲ್ಲಿದ್ದ, ಟೈರಿಗೆ ಚುಚ್ಚುವಂಥ ಕಬ್ಬಿಣದ ಚೂರುಗಳು, ಮುರಿದ ರಾಡಿನ ತುದಿಗಳು ಮಣ್ಣಿನಲ್ಲಿ ಸೇರಿಕೊಂಡಿದ್ದವು. ಪಿಕಪ್ಪಿನ ಚಕ್ರ ಹಾದುಹೋದ ಗುರುತಿನ ಉದ್ದಕ್ಕೂ, ಎರಡು ಕಂಬಗಳ ನಡುವೆ, ಆಚೆ ಬೀದಿಯವರೆಗೂ, ಅವನ್ನು ಒಂದೊಂದಾಗಿ ಆರಿಸುತ್ತ ಹೋದ.